ಕಿಸೆದ ಗುಂಡಿ

ಕ್ಯಾಂಪಿನ್ಯಾಗ, ಖಾನಾಪುರ ರಸ್ತೆಕ್ಕ ನಮ್ಮ ಅಂಗಡಿ.
ಅಬ್ಬಾನ ಕಾಲದ ಮಷಿನ್ನು, ಅಬ್ಬಾನ ಕಾಲದ ಕತ್ತರಿ.
ಪಲ್ಟನ್ನಿನ ಹುಡುಗರ ಎದಿ ಅಳದು ಅಳದು
ಟೇಪಿನ ಮ್ಯಾಲ ಮೂವತ್ತನಾಕು ಅಳಿಸಿ ಹೋಗೇತಿ.

ಜಿನ್ನಪ್ಪ ಚೌಗಲಾ, ಹುಕ್ಕೇರಿ ಕಡೆಯಾಂವ,
ಮೊದಲ ಸಲ ಬಂದಾಗ ಮೂವತ್ತೆರಡೂವರಿ.
"ಉಸರು ಹಿಡದು ನಿಂತು ಭರ್ತಿ ಆಗೀನಿ ಮಾಮಾ,
ಖರೇ ಅಳತಿ ಯಾರಿಗೂ ಹೇಳಬ್ಯಾಡ."
ಹೊತ್ತು ಮುಣುಗೂದ್ರಾಗ ಉಂಡು ಎದ್ದೇಳೂ ಮಂದಿ,
ಇರಿವಿ ಸಾಲು ಕಂಡರ ದಾಟಿ ಹೋಗೂ ಮನಿ.
"ಮತ್ತ ಬಂದೂಕು?" ಅಂದೆ.
"ಐದು ಮಂದಿ ತಮ್ಮಂದಿರು" ಅಂದ.
ಉತ್ತರ ಹೌದೋ ಅಲ್ಲೋ, ನಾ ಕಾಜ ಹೊಲಿಯಾಕ ಹತ್ತಿದೆ.

ಎಪ್ಪತ್ತೊಂದರ ಥಂಡಿ.
ಮೂಡಣದ ಯಾವುದೋ ನದಿ, ಹೆಸರು ಅವನ ಬಾಯಾಗ ನಿಲ್ಲಲಿಲ್ಲ.
ತಿರುಗಿ ಬಂದ. ಅಷ್ಟ.

ಸಿನಿಮಾಕ್ಕ ಹೆಂಗ ಹೋದ ಅನ್ನೂದು ಮೂರು ಥರ ಹೇಳತಾರ.
ನಾ ಕೇಳಿದ್ದು ಇದು: ಗೋಕಾಕ ಫಾಲ್ಸಿನ್ಯಾಗ ಶೂಟಿಂಗು,
ಬಂಡಿಮ್ಯಾಲಿಂದ ಬೀಳಾಕ ಒಬ್ಬ ಬೇಕಾಗಿದ್ದ.
ಇಂವ ಮೂರು ಸಲ ಬಿದ್ದ, ಗಾದಿ ಇಲ್ಲದ.
ನಾಕನೇ ಸಲಕ್ಕ ಕ್ಯಾಮೆರಾ ಚಾಲೂ ಮಾಡಿದ್ರಂತ.
ಆಮ್ಯಾಲೆ ಫೌಜದಾರ, ದರೋಡೆಖೋರ,
ಸಾವಕಾರನ ಹಿಂದ ಕೋಲು ಹಿಡದು ನಿಂತಾಂವ.
ಹೆಸರೂ ಬದಲಾತು, ಜಯರಾಜ.
ನಮ್ಮ ಅಳತಿ ಬುಕ್ಕಿನ್ಯಾಗ ಜಿನ್ನಪ್ಪನ ಉಳದ.

ಒಂದಿನ ಬಂದ. ನಲವತ್ತು ಎದಿ.
"ಈ ಸಲ ಸಿಪಾಯಿ ಪಾತ್ರ. ಅಂಗಿ ನೀನ ಹೊಲಿ.
ಎಡಗಡೆ ಕಿಸೆಕ್ಕ ಗುಂಡಿ ಹಚ್ಚಬ್ಯಾಡ,
ದಾರ ಅಷ್ಟ ಬಿಡು, ಎರಡು ಬಟ್ಟು, ಜೋತಾಡಲಿ."
ಯಾಕಂತ ಕೇಳಲಿಲ್ಲ, ಅವನ ಹೇಳಿದ.
ನಿಪ್ಪಾಣಿಯ ಅಪ್ಪಾಸಾಬ ಮಾನೆ ಹಿಡಕೊಂಡಿದ್ನಂತ.
ಬಟ್ಟು ಬಿಡಿಸಿದರೂ
ಗುಂಡಿ ಮುಟಿಗ್ಯಾಗ ಉಳೀತಂತ.
"ನೆತ್ತರ ಭಾಳ ಬಂದಿರಲಿಲ್ಲ ಮಾಮಾ,
ಚಾ ಆತೇನೋ ಅಂತ ಕೇಳಿದ."

ಮದರಾಸಿನ್ಯಾಗ ಡೈರೆಕ್ಟರ ಕಿಸೆ ನೋಡಿ ಬೈದನಂತ.
ಹೊಳಿಯೂ ಹಿತ್ತಾಳಿ ಗುಂಡಿ ಹಚ್ಚಿಸಿದ,
ಬಾಟಲಿ ತುಂಬ ಕೆಂಪು ಬಣ್ಣ ಸುರಿವಿದ,
ಸಾಯೂ ಸೀನಿಗೆ ಎರಡು ಪುಟ ಮಾತು ಕೊಟ್ಟ.

ರವಿವಾರ ಮ್ಯಾಟಿನಿ. ಕ್ಯಾಂಪಿನ ಟಾಕೀಸಿನ ತುಂಬ
ಪಾಸ್ ಮ್ಯಾಲ ಬಂದ ಜವಾನರು.
ಬೆಲ್ಟು ಉಲ್ಟಾ ಹಾಕಿದ್ದು ಕಂಡು ಸಿಳ್ಳಿ ಹೊಡದ್ರು,
ಸೆಲ್ಯೂಟಿಗೆ ಬಿದ್ದು ಬಿದ್ದು ನಕ್ಕರು.
ಬೆಂಚಿನ ಮ್ಯಾಲ ನನ್ನ ಬಾಜೂಕ ಕುಂತು
ಎಲ್ಲಾರಿಗಿಂತ ಜೋರು ನಕ್ಕಾಂವ ಇವನ.

ಆಮ್ಯಾಲೆ ಆ ಸೀನು ಬಂತು.
ದನಿ ಇವಂದಲ್ಲ. ನಮ್ಮ ಕಡೆ ಕನ್ನಡ
ಜನಕ್ಕ ತಿಳಿಯೂದಿಲ್ಲಂತ, ಬ್ಯಾರೆ ಯಾರದೋ ಹಚ್ಚಿದ್ರು.
ತಾಯ್ನೆಲ, ತ್ಯಾಗ, ಕೊನೆಯ ಹನಿ ರಕ್ತ
ಅಂತ ಸ್ಪೀಕರು ಗುಡುಗಾಕ ಹತ್ತಿತ್ತು.
ನಾ ಮೂವತ್ತು ವರ್ಷ ಮಷಿನ್ ತುಳದಾಂವ.
ಆ ಸದ್ದಿನ್ಯಾಗ ಗಿರಾಕಿ ಮಾತು ಕಿವಿಗೆ ಬೀಳೂದಿಲ್ಲ,
ತುಟಿ ನೋಡಿ ತಿಳಕೋಬೇಕು,
ತೋಳು ಗಿಡ್ಡ ಆತು, ರೊಕ್ಕ ಮುಂದಿನ ತಿಂಗಳ.
ಪರದೆ ಮ್ಯಾಲ ಇವನ ತುಟಿ ನೋಡಿದೆ.
ಎರಡು ಪುಟದಾಗಿನ ಒಂದು ಅಕ್ಷರಾನೂ ಅಲ್ಲಿರಲಿಲ್ಲ.
ಚಾ ಆತೇನೋ.
ಸುಮ್ಮನಾಗಿ, ಮತ್ತ,
ಚಾ ಆತೇನೋ.

ಹೊಳ್ಳಿ ನೋಡಿದೆ. ಇಂವ ಶೇಂಗಾ ಸುಲೀತಿದ್ದ,
ಸಿಪ್ಪಿ ಅಂಗಿ ಮ್ಯಾಲ ಬೀಳತಿದ್ವು.
ಮುಂದಿನ ಸಾಲಿನ್ಯಾಗ ಒಬ್ಬ ಹವಾಲ್ದಾರ
ನಗೂದು ನಿಲ್ಲಿಸಿದ್ದ. ಅಂವಗ ತಿಳೀತೋ,
ಬೀಡಿ ಆರಿತ್ತೋ, ನನಗ ಗೊತ್ತಿಲ್ಲ.

ಆ ವಾರ ಪೇಪರಿನ್ಯಾಗ ನಾಕು ಸಾಲು ಬಂತು:
ಸಣ್ಣ ಪಾತ್ರದಲ್ಲಿ ಜಯರಾಜ ಗಮನ ಸೆಳೆಯುವುದಿಲ್ಲ.
ಸಾವಿನ ದೃಶ್ಯದಲ್ಲಿ ತುಟಿಗೂ ಮಾತಿಗೂ ತಾಳೆಯಿಲ್ಲ,
ತಂತ್ರಜ್ಞರು ಎಚ್ಚರ ವಹಿಸಬೇಕಿತ್ತು.

ಆ ತುಂಡು ಕತ್ತರಿಸಿ ಬುಕ್ಕಿನ್ಯಾಗ ಇಟ್ಟೀನಿ,
ಮೂವತ್ತೆರಡೂವರಿಗೂ ನಲವತ್ತಕ್ಕೂ ನಡುವ.