ಕ್ಯಾರಿಯರ್

ಇಪ್ಸ್‌ವಿಚ್ಚಿನ ಹಳೆಯ ಗೋದಾಮಿನ ಹಿಂದೆ
ತಗಡಿನ ಶೆಡ್ಡು. ಶನಿವಾರ, ಒಂಬತ್ತೂವರೆ.
ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು
ಬಕೆಟ್ಟಿನ ನೀರಲ್ಲಿ ಟ್ಯೂಬು ಅದ್ದಿ ಕೂತಿದ್ದೇನೆ.
ವಾರವಿಡೀ ಆಸ್ಪತ್ರೆಯಲ್ಲಿ ರಕ್ತನಾಳ ಹುಡುಕುವ ಕೈ
ಇಲ್ಲಿ ಹುಡುಕುವುದು ಗುಳ್ಳೆ.
ಸಿಕ್ಕಿತು. ವಾಲ್ವಿನ ಪಕ್ಕ, ಸಾಸಿವೆಯಷ್ಟು.

ಬರುತ್ತವೆ ಸೈಕಲ್ಲು, ಊರಿನ ಗರಾಜುಗಳಿಂದ,
ಜೇಡರ ಬಲೆ ಸಮೇತ.
ಮಗ ದೊಡ್ಡವನಾದ, ಮಂಡಿ ಕೈಕೊಟ್ಟಿತು, ಮನೆ ಮಾರಿದೆವು:
ಕೊಟ್ಟವರೆಲ್ಲ ಕಾರಣವನ್ನೂ ಕೊಟ್ಟೇ ಹೋಗುತ್ತಾರೆ.
ಒಂದರ ಚೀಲದಲ್ಲಿ ಚೀಟಿಯಿತ್ತು,
ಮೊಟ್ಟೆ, ಸ್ಟಾಂಪು, ಬೆಕ್ಕಿನ ಔಷಧಿ.
ಎಸೆಯಲಿಲ್ಲ. ಇಟ್ಟುಕೊಳ್ಳಲೂ ಇಲ್ಲ.
ಅಲ್ಲೇ ಬಿಟ್ಟೆ; ಮಲಾವಿಗೆ ಹೋಗಲಿ ಅದೂ.

ಗ್ಲೆನಿಸ್ ಕೈಯಲ್ಲಿ ಪಟ್ಟಿ. ಶಾಲೆ ನಡೆಸಿದವಳು,
ಸೈಕಲ್ಲುಗಳಿಗೂ ಹಾಜರಿ ಕರೆಯುತ್ತಾಳೆ.
ಪೆಡಲು ಬಿಚ್ಚು, ಹ್ಯಾಂಡಲು ಅಡ್ಡ ತಿರುಗಿಸು,
ಕಂಟೇನರಿನಲ್ಲಿ ಮುನ್ನೂರ ಹನ್ನೆರಡು ಹಿಡಿಯಬೇಕು,
ಕ್ಯಾರಿಯರು ಗೀರಿಯರು ಎಲ್ಲ ಕಳಚು, ಜಾಗ ತಿನ್ನುತ್ತವೆ.
ಕಳಚಿದೆ. ಮೂಲೆಯ ರಾಶಿ
ಬೇಸಗೆ ಮುಗಿಯುವಷ್ಟರಲ್ಲಿ ನನ್ನ ಸೊಂಟದೆತ್ತರ.

ಆಮೇಲೆ ಚಿಕೊಂಡಿ ಬಂದ,
ರಾತ್ರಿಪಾಳಿ ಮುಗಿಸಿ, ವೃದ್ಧಾಶ್ರಮದ ನೀಲಿ ಅಂಗಿಯಲ್ಲೇ.
ರಾಶಿ ನೋಡಿದ.
ಒಂದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ, ಕೂಸಿನ ಹಾಗೆ.
"ಮ್ಜಿಂಬಾದ ಮಣ್ಣುದಾರಿಯಲ್ಲಿ ಆರು ವರ್ಷ
ಸೈಕಲ್ ಟ್ಯಾಕ್ಸಿ ಹೊಡೆದೆ. ಕಬಾಜಾ ಅಂತೀವಿ.
ಹೊಟ್ಟೆ ಹೊರೆದದ್ದು ಸೀಟಲ್ಲ, ಇದು.
ಎರಡು ಮೂಟೆ ಮೆಕ್ಕೆಜೋಳ. ಮೇಷ್ಟ್ರು. ಕಾಲು ಕಟ್ಟಿದ ಹಂದಿ.
ಒಂದು ಸಲ ಬಾಗಿಲು, ಚೌಕಟ್ಟಿನ ಸಮೇತ.
ಒಂದು ರಾತ್ರಿ ನೋವು ತಿನ್ನುತ್ತಿದ್ದ ಬಸುರಿ, ಒಂಬತ್ತು ಮೈಲಿ,
ಪಕ್ಕದಲ್ಲಿ ಅವಳ ತಾಯಿ ಓಡುತ್ತ, ಬರಿಗಾಲಲ್ಲಿ.
ಇದಿಲ್ಲದ್ದು ಆಟಿಕೆ, ಗ್ಲೆನಿಸ್."

ಗ್ಲೆನಿಸ್ ಕನ್ನಡಕ ಒರೆಸಿದಳು. ಮತ್ತೂ ಒರೆಸಿದಳು.
ಪಟ್ಟಿಯಲ್ಲೊಂದು ಸಾಲು ಹೊಡೆದುಹಾಕಿದಳು.

ಇದನ್ನು ನಾನೇ ಹೇಳಬಹುದಿತ್ತು.
ಗದಗಿನಲ್ಲಿ ನಾನು ಕಂಡ ಜಗತ್ತೆಲ್ಲ ಕ್ಯಾರಿಯರಿನ ಮೇಲಿಂದ:
ಅಣ್ಣನ ಬೆನ್ನು, ಅದರ ಮೇಲೆ ಬೆವರಿನ ನಕಾಶೆ,
ಪಕ್ಕಕ್ಕೆ ಪಕ್ಕಕ್ಕೆ ಜಾರುವ ಊರು.
ಒಳಪೆಡ್ಲು ಅವನು ಕಲಿತ, ಸೀಟೂ ಅವನಿಗೇ ಬಂತು;
ನನಗೆ ಕಲಿಸಿದ್ದೊಂದೇ,
ಲಂಗ ಎತ್ತಿ ಹಿಡಿ, ಗಾಲಿಗೆ ಸಿಕ್ಕೀತು.
ಏಳು ತಿಂಗಳು ಸ್ಪ್ಯಾನರು ತಿರುಗಿಸಿದೆ, ಬಾಯಿ ಬಿಡಲಿಲ್ಲ.

ನವೆಂಬರಿನಲ್ಲಿ ಕಂಟೇನರು ಬಂತು.
ಬೋಲ್ಟು ಬೋಲ್ಟಿಗೂ ಬೆರಳು ಮರಗಟ್ಟುತ್ತ
ಒಂದೊಂದಕ್ಕೂ ಬೆನ್ನು ಮರಳಿಸಿದೆವು,
ಚಕ್ಕಡಿಗೆ ಮೇವು ಒಟ್ಟಿದ ಹಾಗೆ ಒಟ್ಟಿದೆವು.
ಹಿಡಿದದ್ದು ಇನ್ನೂರ ತೊಂಬತ್ತೆಂಟು.
ಗ್ಲೆನಿಸ್ ಗೊಣಗದೆ ಬರೆದುಕೊಂಡಳು.
ಬಾಗಿಲು ಬಿತ್ತು, ಸೀಲು ಬಿತ್ತು, ಲಾರಿ ಹೋಯಿತು,
ಡೀಸೆಲ್ ವಾಸನೆಯಲ್ಲಿ ಉಳಿಯಿತು ಒಂದು,
ಹಸಿರು ಬಣ್ಣದ್ದು, ಹೆಂಗಸರ ಸೈಕಲ್ಲು.

"ಮಾರ್ಚಿಗೆ ಕಳಿಸೋಣ. ಅಲ್ಲಿತನಕ ನೀನು ಓಡಿಸ್ತಿರು,
ನಿಂತರೆ ತುಕ್ಕು," ಅಂದ ಚಿಕೊಂಡಿ.
"ನನಗೆ ಬರಲ್ಲ."
"ಏನು ಬರಲ್ಲ?"
"ಸೈಕಲ್ಲು."

ಇನ್ನೂರು ಪಂಕ್ಚರು ಹಾಕಿದ ನನ್ನ ಕೈ ನೋಡಿದ, ಮುಖ ನೋಡಿದ.
ನಗಲಿಲ್ಲ, ಅದಕ್ಕೆ ಋಣಿ.
ಕ್ಯಾರಿಯರು ತಟ್ಟಿ ಹೇಳಿದ, ಹಳೆಯ ಕಸುಬಿನ ಗತ್ತಿನಲ್ಲಿ:
"ಹಾಗಾದ್ರೆ ಹತ್ತು. ಮನೆತನಕ ಬಿಡ್ತೀನಿ, ಪುಕ್ಕಟೆ."
"ಬೇಡ," ಅಂದೆ. "ಅಲ್ಲಿ ಕೂತದ್ದು ಸಾಕು."

ನೂಕಿಕೊಂಡು ಹೊರಟೆ ಆರ್ವೆಲ್ ನದಿಯ ದಂಡೆಗುಂಟ,
ಹೊಸ ಆಕಳನ್ನು ಸಂತೆಯಿಂದ ಹೊಡೆದುಕೊಂಡು ಬಂದಂತೆ,
ಅದಕ್ಕೆ ನಾನು, ನನಗೆ ಅದು, ಇನ್ನೂ ಹೊಂದಿಲ್ಲ.
ಪೆಡಲು ಎರಡು ಸಲ ಮೊಣಕಾಲಿಗೆ ಒದೆಯಿತು.
ದಾರಿಯಲ್ಲಿ ಎರಡು ಕಿಲೋ ಈರುಳ್ಳಿ ಕೊಂಡೆ,
ಹಿಂದೆ ಕೂರಿಸಿ ಹಗ್ಗ ಬಿಗಿದೆ.
ಫ್ರೀವೀಲು ಟಿಕ್ ಟಿಕ್ ಎನ್ನುತ್ತಿತ್ತು,
ಕತ್ತಲಾಗುತ್ತಿತ್ತು,
ಕಾರ್ ಪಾರ್ಕಿನಲ್ಲಿ ಯಾರೂ ಇರಲಿಲ್ಲ.