ಐದಕ್ಕಿಂತ ಕಡಿಮೆ ಇದ್ದರೆ

ಪುಸ್ತಕದಲ್ಲಿ ಬೊಲೊಗ್ನ ಎಂದು ಅಚ್ಚಾಗಿದೆ.
ಬೊಲೋನ್ಯ ಅನ್ನಿ, ಎನ್ನುತ್ತೇನೆ.
ಹಿಂದಿನ ಬೆಂಚು, ‘ಬೋಣಿ ಆತು ಮೇಡಂ.’
ಅದೂ ಸರಿಯೇ.
ಯುರೋಪಿನಲ್ಲಿ ಈ ವ್ಯಾಪಾರದ ಬೋಣಿ
ಅಲ್ಲೇ ಆದದ್ದು ಅನ್ನುತ್ತಾರೆ.

ಹುಟ್ಟಿದ ಇಸವಿ ಸಾವಿರದ ಎಂಬತ್ತೆಂಟು.
ಯಾರೂ ಕಂಡು ಬರೆದದ್ದಲ್ಲ.
ಎಂಟುನೂರು ವರ್ಷದ ಮೇಲೆ ಉತ್ಸವಕ್ಕೆಂದು
ಒಂದು ಸಮಿತಿ ಕೂತು ಗೊತ್ತುಮಾಡಿದ್ದು.
ನನಗೂ ಹಾಗೇ. ಆವರಗೆರೆ ಶಾಲೆಯಲ್ಲಿ ಹೆಡ್‌ಮಾಸ್ತರು
ನನ್ನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ
ಜೂನ್ ಒಂದು ಎಂದು ಬರೆದುಕೊಂಡರು.

ಕಟ್ಟಡ ಇರಲಿಲ್ಲ ಅವರಿಗೆ.
ಮೇಷ್ಟ್ರ ಮನೆ, ಇಲ್ಲವೆ ಬಾಡಿಗೆ ಕೋಣೆ.
ನಮ್ಮದು ಹಳೇ ಹತ್ತಿ ಗೋದಾಮು.
ಗೋಡೆಗೆ ಒರಗಿದರೆ ಬೆನ್ನಿಗೆ
ಯಾವುದೋ ಮುಚ್ಚಿದ ಮಿಲ್ಲಿನ ಅರಳೆ ಇನ್ನೂ ಅಂಟುತ್ತದೆ.

ದೂರದ ಹುಡುಗರು, ಪರಭಾಷೆಯವರು.
ಒಬ್ಬ ಸಾಲ ಮಾಡಿ ಪರಾರಿಯಾದರೆ
ಅವನೂರಿನ ಇನ್ನೊಬ್ಬನ ಕೊರಳಪಟ್ಟಿ ಹಿಡಿಯುತ್ತಿದ್ದರು.
ಕೊನೆಗೆ ಚಕ್ರವರ್ತಿಯೇ ಶಾಸನ ಬರೆಸಬೇಕಾಯಿತು,
ಒಬ್ಬರ ಬಾಕಿ ಇನ್ನೊಬ್ಬರನ್ನು ಕೇಳಕೂಡದು.
ಜಗಳೂರಿನ ಹಾಲೇಶಿ ಅಷ್ಟು ಹೊತ್ತಿಗೆ ತಲೆ ಎತ್ತಿದ.
ಅವನ ರೂಮಿನ ಗೆಳೆಯ ಮೂರು ತಿಂಗಳ ಮೆಸ್ ಬಿಲ್ಲು ಬಿಟ್ಟು
ಊರಿಗೆ ಹೋದವನು ಬಂದಿಲ್ಲ.
‘ಆ ಚಕ್ರವರ್ತಿ ಒಂದ್ಸಲ ನಮ್ಮ ಮೆಸ್ಸಿಗೂ ಬರ್ಲಿ ಮೇಡಂ.’

ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ.
ಅಂಗಡಿಯವನು ಹೊಲಿಗೆ ಬಿಚ್ಚಿ
ಕಂತೆ ಕಂತೆಯಾಗಿ ಬಾಡಿಗೆಗೆ ಕೊಡುತ್ತಿದ್ದ,
ನಕಲು ಮಾಡಿ ವಾಪಸು ತರಬೇಕು.
ಮುಬೀನಾ ತನ್ನ ಜೆರಾಕ್ಸ್ ಎತ್ತಿ ಹಿಡಿದಳು.
ನಡುವಿನ ಹನ್ನೆರಡು ಪುಟ ಸಾಕಮ್ಮನ ಹತ್ತಿರ ಇದೆ,
ಪರೀಕ್ಷೆಯ ಹಿಂದಿನ ದಿನ ಅದಲುಬದಲು.

ಇನ್ನು ನಿಜವಾದ ವಿಷಯ, ಎಂದೆ.
ಅಲ್ಲಿ ಮೇಷ್ಟ್ರನ್ನು ನೇಮಿಸುತ್ತಿದ್ದವರು ಹುಡುಗರು.
ತಡವಾಗಿ ಬಂದರೆ ದಂಡ,
ಗಂಟೆ ಹೊಡೆದ ಮೇಲೂ ಮಾತಾಡುತ್ತಿದ್ದರೆ ದಂಡ,
ಕಷ್ಟದ ಪುಟ ಹಾರಿಸಿದರೆ ದಂಡ.
ಒಂದು ದಿನದ ರಜೆಗೂ ಹುಡುಗರ ಅಪ್ಪಣೆ ಬೇಕು.
ತರಗತಿಗೆ ಐದಕ್ಕಿಂತ ಕಡಿಮೆ ಜನ ಬಂದರೆ
ಆವತ್ತು ಮೇಷ್ಟ್ರೇ ಗೈರುಹಾಜರು.

ಗೋದಾಮಿಗೆ ಗೋದಾಮೇ ಎದ್ದು ನಕ್ಕಿತು.
‘ಇವತ್ತು ಮೂರು ನಿಮಿಷ ಲೇಟು ನೀವು.’
ದಂಡ: ಒಂದು ಪೊಟ್ಟಣ ಖಾರ ಮಂಡಕ್ಕಿ, ಎಲ್ಲರಿಗೂ.
‘ಪಗಾರ ಯಾರು ಕೊಡ್ತಿದ್ರು?’ ಮುಬೀನಾ ಕೇಳಿದಳು.
ಅವರೇ. ತಲೆಗಿಷ್ಟು ಎಂದು ಎತ್ತಿ.
‘ನಿಮಗೆ?’
ನಾನು ಬೋರ್ಡು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.
ಅತಿಥಿ ಉಪನ್ಯಾಸಕಿ.
ಶ್ರಾವಣದಲ್ಲಿ ಬಂದದ್ದು, ಈಗ ಮಾಘ.
ನಮ್ಮ ಮನೆಗಳಲ್ಲಿ ಅತಿಥಿಗೆ
ಮೊದಲು ಕಾಲಿಗೆ ನೀರು ಕೊಡುತ್ತಾರೆ.

ಬಸ್ಸು ಮುಷ್ಕರದ ದಿನ
ನಾಲ್ಕೇ ಜನ.
ಮುಬೀನಾ ಮಂಡಕ್ಕಿ ಭಟ್ಟಿಯಿಂದ ನಡೆದೇ ಬಂದಿದ್ದಳು,
ಹುಬ್ಬಿನ ಮೇಲೆ ತೆಳುವಾಗಿ ಬೂದಿ.
ಹಾಲೇಶಿ ಬೆರಳು ಮಡಿಸಿ ಎಣಿಸಿದ,
ನನ್ನ ಮುಖ ನೋಡಿದ, ನಗಲಿಲ್ಲ.
ನಿಯಮದ ಪ್ರಕಾರ ನಾನು ಇವತ್ತು ಬಂದಿಲ್ಲ,
ಎಂದು ಪುಸ್ತಕ ಮಡಿಸಿದೆ.

ಬಾಗಿಲಲ್ಲಿ ನಿಂತಿದ್ದ ಜವಾನ ಓಬಳೇಶ,
ಆ ದಿನವೂ ಹೊರಗಿನಿಂದ ಕೇಳಿಸಿಕೊಂಡಿದ್ದನೇನೋ,
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.
ಮುಂದಿನ ಬೆಂಚಿನ ತುದಿಯಲ್ಲಿ ಕೂತು
ಗಂಟೆಯ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡ.
‘ಐದಾತಲ್ಲ. ಶುರು ಮಾಡ್ರಿ.’

ಮಾಡಿದೆ.
ಹನ್ನೆರಡು ದಾಟಿತು. ಗಂಟೆ ಹೊಡೆಯಬೇಕಾದವನು
ಬೆಂಚಿನ ಮೇಲಿದ್ದ. ಯಾರೂ ದಂಡ ಕೇಳಲಿಲ್ಲ.
‘ಆಮ್ಯಾಲೂ ಹುಡುಗ್ರೇ ಪಗಾರ ಕೊಡ್ತಾ ಬಂದ್ರಾ?’ ಅವನು ಕೇಳಿದ.

ಸ್ವಲ್ಪ ಕಾಲ.
ಆಮೇಲೆ ಊರಾಡಳಿತ, ನಾವೇ ಕೊಡುತ್ತೇವೆ ಅಂತು.
ಅಲ್ಲಿಂದ ಹುಡುಗರ ಮಾತು ನಡೆಯದಾಯಿತು.

‘ಹಂಗಾರೆ ನಿಮ್ಮದೂ ಸರ್ಕಾರದ್ದೇ,’ ಅಂದ.
ಹೌದು, ಅಂದೆ.
ಅವನು ಸುತ್ತಿಗೆ ಎತ್ತಿಕೊಂಡು
ಹೊರಗೆ ಹೋದ. ತುಂಬ ಹೊತ್ತಿನವರೆಗೂ
ಹೊಡೆಯಲಿಲ್ಲ.