ನೂರಾ ಹನ್ನೆರಡೂವರೆ

ಬೋಳಾರದ ಹಳೇ ಹಂಚಿನ ಕಾರ್ಖಾನೆಯ ಶೆಡ್ಡು.
ಗೂಡು ಆರಿ ಎಷ್ಟೋ ವರ್ಷ, ಈಗ ಅಲ್ಲಿ
ಡೊಲ್ಫಿ ಮಾಸ್ಟ್ರ ಜಿಮ್ಮು.
ಶಮೀಮಾ ನೆಲದಲ್ಲಿ ಕೂತು ಫೋನನ್ನು
ಎರಡು ಒಡೆದ ಹಂಚುಗಳ ಸಂದಿಯಲ್ಲಿ ಒರಗಿಸುತ್ತಾಳೆ.
"ಅಲುಗಬೇಡ ಮಾರಾಯ್ತಿ, ಮೊದಲು ಅಳತೆ."
ರಾಡು ಮಲಗಿದಲ್ಲಿಂದ ನನ್ನ ತೊಡೆಯವರೆಗೆ
ಅವಳಮ್ಮನ ಹೊಲಿಗೆ ಟೇಪು:
ಐವತ್ತೊಂದು ಸೆಂಟಿಮೀಟರ್.
ಊರಿನ ಮದುಮಗಳಂದಿರ ರವಿಕೆ ಅಳೆದ ಟೇಪು ಅದು,
ನನ್ನ ತೋಳಿಗೆ ಸುತ್ತಿದ ದಿನ
ಅವಳಮ್ಮ ಎರಡು ಸಲ ಓದಿದ್ದರು.

ಅರವತ್ತು ಕಿಲೋ. ಚಿಮ್ಮಿ ಬಂತು.
ಎಂಬತ್ತು. ಬಂತು.
ತೊಂಬತ್ತೈದು,
ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬಂದ ಹಾಗೆ ಬಂತು.

ಶಮೀಮಾ ವಿಡಿಯೋವನ್ನು ಬೆರಳಲ್ಲಿ
ಹಿಂದೆ ಮುಂದೆ ಉಜ್ಜುತ್ತಾಳೆ,
ರಾಡು ನೆಲ ಬಿಟ್ಟ ಆ ಒಂದೇ ಚಿತ್ರಕ್ಕಾಗಿ.
ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ,
ಒಂದರಲ್ಲಿ ನಾನು ಹಲ್ಲಿಲ್ಲದ ಅಜ್ಜಿ,
ಒಂದರಲ್ಲಿ ಈಗಷ್ಟೇ ಹುಟ್ಟಿ ಅಳುವುದಕ್ಕೆ ಉಸಿರೆಳೆದ ಕೂಸು.
ಅವಳು ನಗುವುದಿಲ್ಲ. ಗುರುತು ಹಾಕುತ್ತಾಳೆ.
ಮೂರು ತೂಕಕ್ಕೆ ಮೂರು ಚುಕ್ಕಿ, ಚುಕ್ಕಿಗಳ ಮೇಲೆ ಒಂದು ಗೆರೆ,
ಗೆರೆ ನನ್ನನ್ನು ಬಿಟ್ಟು ಮುಂದೆ ಹೋಗಿ
ನಾನಿನ್ನೂ ಕಾಣದ ಜಾಗದಲ್ಲಿ ನಿಂತು ಹೇಳುತ್ತದೆ:
ಒಂದು ಸಲ, ಒಂದೇ ಸಲಕ್ಕಾದರೆ
ನೂರಾ ಹನ್ನೆರಡೂವರೆ.

ದೊಡ್ಡಮ್ಮ ಸ್ಟೇಟ್ ಬ್ಯಾಂಕ್ ಮಾರ್ಕೆಟಿನಲ್ಲಿ
ಅಂಜಲ್ ಮೀನಿನ ಬಾಲ ಹಿಡಿದು
ಒಮ್ಮೆ ಕೈ ಕುಲುಕಿ ಹೇಳುತ್ತಿದ್ದಳು, "ಎರಡೂಕಾಲು."
ತಕ್ಕಡಿ ಒಪ್ಪುತ್ತಿತ್ತು, ಕೆಲವೊಮ್ಮೆ ಮನಸ್ಸಿಲ್ಲದೆ.
ತಲೆಯ ಮೇಲಿನ ಬುಟ್ಟಿ ಎಷ್ಟು ಭಾರ ಎಂದರೆ ಮಾತ್ರ
"ಅದನ್ನೆಲ್ಲ ಯಾರು ತೂಗುತ್ತಾರೆ, ಸರಿ ನಿಲ್ಲು, ಬಸ್ಸು ಬಂತು."

ಮಾಸ್ಟ್ರು ಫೋನು ನೋಡುವುದಿಲ್ಲ.
ರಾಡು ಕೆಳಗಿಳಿಯುವ ಸದ್ದು ಕೇಳುತ್ತಾರೆ, ಕಣ್ಣು ಮುಚ್ಚಿ.
"ನೂರಹತ್ತು," ಎಂದರು.
"ಮೇಲಿನ ಎರಡೂವರೆ ಆ ಫೋನಿನದ್ದು. ಅದೇ ಎತ್ತಲಿ."

ಗುರುವಾರ ಸಂಜೆ, ಸೆಖೆ, ಫ್ಯಾನು ಇದ್ದೂ ಇಲ್ಲದ ಹಾಗೆ.
ಎರಡೂ ಬದಿಗೆ ಇಪ್ಪತ್ತು, ಇಪ್ಪತ್ತು, ಐದು,
ಕೊನೆಗೆ ಚಕ್ಕುಲಿಯಷ್ಟಗಲದ ಒಂದೂಕಾಲು.
ಅಂಗೈಗೆ ಸೀಮೆಸುಣ್ಣ. ಉಸಿರು ಒಳಗೆ.
ನೆಲ ಬಿಟ್ಟಿತು!
ಮೊಣಕಾಲಿನ ಕೆಳಗೆ ಬಂದು
ನಿಂತಿತು.
ಮೇಲೂ ಇಲ್ಲ, ಕೆಳಗೂ ಇಲ್ಲ.
ನೇತ್ರಾವತಿ ಕಡೆಯಿಂದ ಬೋಟಿನ ಎಂಜಿನ್ನು ಕೇಳಿಸಿತು,
ಮಾಸ್ಟ್ರು ಕೆಮ್ಮಿದ್ದು ಕೇಳಿಸಿತು,
ನನ್ನದೇ ಬೆನ್ನಿನೊಳಗೆ ಯಾರೋ
ಭಾರದ ಕಪಾಟು ಸರಿಸುವುದು ಕೇಳಿಸಿತು.
ಮತ್ತೆ ಬಿಟ್ಟೆ. ಶೆಡ್ಡಿನ ಹಂಚೆಲ್ಲ ಅದುರಿದವು.

ನೂರಹತ್ತರ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ಶಮೀಮಾ ಮಂಡಿಯೂರಿ ವಿಡಿಯೋ ಉಜ್ಜುತ್ತಿದ್ದಳು.
ಶುರುವಿನ ಚಿತ್ರಕ್ಕೆ ಗುರುತು ಹಾಕಿ ಆಗಿತ್ತು.
"ಕೊನೆಯ ಚಿತ್ರ ಗುರುತಿಸಿ," ಆಪ್ ಕೇಳುತ್ತಿತ್ತು.
ನಾನು ಬಗ್ಗಿ ನೋಡಿದೆ. ಗಾಳಿಯಲ್ಲಿ ರಾಡು, ಅದರ ಹಿಂದೆ ನಾನು.
ಅವಳ ಬೆರಳು ಪರದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.
ಎಲ್ಲಿಯೂ ಒತ್ತಲಿಲ್ಲ.